ಚೋಪ್ತಾದಲ್ಲಿ ಕಿವಿಗೊಟ್ಟು ಹಕ್ಕಿ ನೋಡಿದ್ದು

ಬೇಸಿಗೆ ರಜೆಗೆ ಹಿಮಾಲಯಕ್ಕೆ ಹೋದವರು ದಿನಕ್ಕೊಂದು ಊರು ಸುತ್ತುತ್ತಾರೆ. ಹಕ್ಕಿ ನೋಡೋರಿಗೆ ಅದು ಸುಮ್ನೆ ದಂಡ. ನಾನು ಮೇ ತಿಂಗಳಲ್ಲಿ ಉತ್ತರಾಖಂಡದ ಚೋಪ್ತಾದಲ್ಲೇ ಬೀಡುಬಿಟ್ಟು, ಒಂದೇ ಬೆಟ್ಟವನ್ನು ಮತ್ತೆ ಮತ್ತೆ ಹತ್ತಿ ಇಳಿದೆ. ಚೋಪ್ತಾ ಇರುವುದು ಸುಮಾರು 2,700 ಮೀಟರ್ ಎತ್ತರದಲ್ಲಿ, ತುಂಗನಾಥ ದೇವಸ್ಥಾನ 3,680 ಮೀಟರ್‌ನಲ್ಲಿ. ನಡುವೆ ಸುಮಾರು ನಾಲ್ಕು ಕಿಲೋಮೀಟರ್ ಕಲ್ಲುಹಾಸಿನ ದಾರಿ. ಅಷ್ಟರಲ್ಲೇ ಕಾಡು ಮುಗಿದು ಹುಲ್ಲುಗಾವಲು ಶುರುವಾಗುತ್ತದೆ, ಹಕ್ಕಿಗಳೂ ಬದಲಾಗುತ್ತವೆ.

ಮೇ ಹೊತ್ತಿಗೆ ಎಲೆ ದಟ್ಟವಾಗಿರುತ್ತದೆ. ಕಣ್ಣಲ್ಲೇ ಹುಡುಕುತ್ತಾ ಹೋದರೆ ಕತ್ತು ನೋವೇ ಜಾಸ್ತಿ. ಆದರೆ ಅದು ಗೂಡು ಕಟ್ಟುವ ಕಾಲ, ಗಂಡುಗಳು ಗಂಟಲು ಹರಿಯುವಂತೆ ಹಾಡುತ್ತವೆ. ನಸುಕಿನಲ್ಲಿ ಒಂದು ತಿರುವಿನಲ್ಲಿ ನಿಂತು, ಬೈನಾಕ್ಯುಲರ್ ಮುಟ್ಟದೆ ಸುಮ್ನೆ ಕೇಳುತ್ತಿದ್ದೆ. ಒಂದೇ ದನಿ ಒಂದೇ ಕಡೆಯಿಂದ ಬರುತ್ತಿದ್ದರೆ, ಆ ಹಕ್ಕಿಗೆ ಅಲ್ಲೊಂದು ಮೆಚ್ಚಿನ ಕೊಂಬೆ ಇದೆ ಅಂತ ಲೆಕ್ಕ. ಹಾರಿದರೂ ಸಾಮಾನ್ಯವಾಗಿ ಅಲ್ಲಿಗೇ ವಾಪಸ್ ಬರುತ್ತದೆ. ಬೆನ್ನಟ್ಟಬೇಕಿಲ್ಲ.

ಹಾಗೆ ಸಿಕ್ಕಿದ್ದು ವರ್ಡಿಟರ್ ಫ್ಲೈಕ್ಯಾಚರ್, ನಮ್ಮ ನೀಲಿ ನೊಣಹಿಡುಕ. ಮೈಯೆಲ್ಲ ಹಸಿರು ಬೆರೆತ ನೀಲಿ, ಕಣ್ಣಿಗೂ ಕೊಕ್ಕಿಗೂ ನಡುವೆ ಕಪ್ಪು ಮಚ್ಚೆ. ಚಳಿಗಾಲಕ್ಕೆ ಪಶ್ಚಿಮಘಟ್ಟಕ್ಕೆ ಬರುವಾಗ ಇದು ಹೆಚ್ಚಾಗಿ ಬಾಯಿ ಬಿಡುವುದೇ ಇಲ್ಲ. ಇಲ್ಲಿ ಒಣಗಿದ ಮರದ ತುದಿಯಲ್ಲಿ ಕೂತು ನಿಲ್ಲಿಸದೆ ಹಾಡುತ್ತಿತ್ತು. ತವರಿನಲ್ಲಿ ದನಿ ಜೋರು, ಅಲ್ವಾ?

ಹಕ್ಕಿಯನ್ನು ಹತ್ತಿರ ಕರೆಯಲು ಮೊಬೈಲ್‌ನಲ್ಲಿ ಅದರ ಕೂಗು ಹಾಕುವವರನ್ನು ಕಂಡರೆ ನನಗಾಗದು. ಎದುರಾಳಿ ಬಂದ ಅಂದುಕೊಂಡು ಗಂಡು ಇರೋ ಕೆಲಸ ಬಿಟ್ಟು ಜಗಳಕ್ಕೆ ಬರುತ್ತದೆ. ಕೊಕ್ಕಲ್ಲಿ ಹುಳ ಕಚ್ಚಿಕೊಂಡು ನಮ್ಮನ್ನೇ ನೋಡಿ ಚಿಟಚಿಟ ಅನ್ನುವ ಹಕ್ಕಿ ಕಂಡರೆ ಗೂಡು ಹತ್ತಿರದಲ್ಲೇ ಇದೆ. ಹಿಂದೆ ಸರಿಯಬೇಕು.

ಹಿಮಾಲಯದ ಬಣ್ಣದ ಕಾಡುಕೋಳಿ ಮೊನಾಲ್‌ಗೆ ಮಾತ್ರ ಬೇಗ ಏಳಲೇಬೇಕು. ಯಾತ್ರಿಕರ ಗದ್ದಲಕ್ಕೆ ಮುಂಚೆ ಅದು ಹುಲ್ಲುಗಾವಲಿಗೆ ಬಂದು, ದಪ್ಪ ಕೊಕ್ಕಿನಿಂದ ಮಣ್ಣು ಕೆದಕಿ ಗಡ್ಡೆ, ಹುಳ ತಿನ್ನುತ್ತದೆ. ಬಿಸಿಲು ಬೀಳುವವರೆಗೆ ಕರಿಕೋಳಿ ಅನ್ನಿಸಿದ್ದು, ಬಿಸಿಲು ತಾಗಿದ ಕೂಡಲೇ ತಾಮ್ರ, ಹಸಿರು, ನೇರಳೆ ಎಲ್ಲ ಮಿಂಚಿತು. ಹತ್ತು ಗಂಟೆ ಹೊತ್ತಿಗೆ ಗಾಳಿ ಕಾದು ಮೇಲೇಳುತ್ತದೆ, ರಣಹದ್ದುಗಳು ತೇಲತೊಡಗುತ್ತವೆ. ಬಯಲಲ್ಲಿ ಅವುಗಳ ಹೊಟ್ಟೆ ಮಾತ್ರ ಕಾಣುತ್ತದೆ. ಇಲ್ಲಿ ಅಂಚಿನಲ್ಲಿ ನಿಂತರೆ ಬೆನ್ನು ಕಾಣುತ್ತದೆ!

ಕಿವಿಯ ಆಟ ನಡೆಯದ್ದು ಕೆಳಗೆ, ಮಂದಾಕಿನಿ ದಂಡೆಯಲ್ಲಿ. ನೀರಿನ ಭೋರ್ಗರೆತದಲ್ಲಿ ಏನೂ ಕೇಳಿಸದು. ಅಲ್ಲಿ ಬಂಡೆಗಳನ್ನೇ ದಿಟ್ಟಿಸಬೇಕು. ಪ್ಲಂಬಿಯಸ್ ರೆಡ್‌ಸ್ಟಾರ್ಟ್ ಇಟ್ಟಿಗೆ ಬಣ್ಣದ ಬಾಲವನ್ನು ಬಿಚ್ಚಿ ಮುಚ್ಚಿ ತಾನೇ ಸುಳಿವು ಕೊಡುತ್ತದೆ. ಬ್ರೌನ್ ಡಿಪ್ಪರ್ ಸೀದಾ ನೀರಿಗೆ ಇಳಿದು, ತಳದಲ್ಲಿ ಹುಳ ಹುಡುಕುತ್ತದೆ. ಅದು ಮುಳುಗಿದ ಜಾಗವನ್ನೇ ನೋಡುತ್ತಾ ಕೂರಬೇಡಿ, ಏಳುವುದು ಬೇರೆಲ್ಲೋ.