ಮೊದಲು ರೇಂಜ್, ಆಮೇಲೆ ಪ್ಲಾನ್, ಕೊನೆಗೆ ಫೋನ್

ಹೊಸ ಫೋನ್ ಬೇಕು ಎನಿಸಿದ ಕೂಡಲೇ ನಾವು ಅಂಗಡಿಗೆ ಹೋಗುತ್ತೇವೆ. ಮಾಡೆಲ್ ನೋಡುತ್ತೇವೆ, ಕ್ಯಾಮೆರಾ ನೋಡುತ್ತೇವೆ, ಅಂಗಡಿಯವರು ಹೇಳಿದ ಸಿಮ್ ಹಾಕಿಸಿಕೊಂಡು ಬರುತ್ತೇವೆ. ಕಾಸರಗೋಡು ಪೇಟೆಯಲ್ಲಿ ಫುಲ್ ರೇಂಜ್ ಇದ್ದ ಫೋನ್ ಮನೆಗೆ ಬಂದ ಮೇಲೆ ಅಂಗಳಕ್ಕೆ ಹೋಗಿ ನಿಂತರೆ ಮಾತ್ರ ಕೇಳಿಸುತ್ತದೆ. ಕಡಿಮೆ ಖರ್ಚಿನಲ್ಲಿ ಒಳ್ಳೆಯ ಸೇವೆ ಬೇಕಿದ್ದರೆ ಈ ಕ್ರಮವನ್ನು ತಿರುಗಿಸಬೇಕು. ನಿಮ್ಮ ಮನೆಯಲ್ಲಿ ಯಾವ ಕಂಪನಿಯ ರೇಂಜ್ ಸಿಗುತ್ತದೆ ಎಂದು ಮೊದಲು ನೋಡಿ. ಆಮೇಲೆ ನಿಮಗೆ ಬೇಕಾದಷ್ಟೇ ಪ್ಲಾನ್. ಆ ಎರಡಕ್ಕೂ ಹೊಂದುವ ಫೋನ್ ಕೊನೆಗೆ.

ಮನೆಯೊಳಗೆ ಅಳೆದು ನೋಡಿ

ನಮ್ಮ ಜಿಲ್ಲೆಯಲ್ಲಿ ಹೆದ್ದಾರಿ ಪಕ್ಕದ ಉಪ್ಪಳ, ಕುಂಬಳೆಗಳ ಕಥೆ ಬೇರೆ, ಒಳಗಿನ ಪೆರ್ಲ, ಬಾಯಾರು, ಅಡೂರು, ಬಂದಡ್ಕಗಳ ಕಥೆ ಬೇರೆ. ಒಳಭಾಗದಲ್ಲಿ ಗುಡ್ಡೆಯ ಮೇಲೆ ಟವರ್, ತಗ್ಗಿನಲ್ಲಿ ಅಡಿಕೆ ತೋಟ, ತೋಟದ ಬದಿಯಲ್ಲಿ ಮನೆ. ಪಕ್ಕದ ಮನೆಗೆ ಸಿಗುವ ರೇಂಜ್ ನಿಮಗೆ ಸಿಗಬೇಕೆಂದಿಲ್ಲ.

ಫೋನಿನ ಮೇಲೆ ಕಾಣುವ ಕಡ್ಡಿಗಳನ್ನು ನೆಚ್ಚಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದು ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಥರ. ಅದರ ಬದಲು ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಎಂದು ಹೋಗಿ. ಕೆಲವು ಫೋನುಗಳಲ್ಲಿ ಹೆಸರು ಸ್ವಲ್ಪ ಬೇರೆ ಇರಬಹುದು. ಅಲ್ಲಿ ಸಿಗ್ನಲ್ ಸ್ಟ್ರೆಂತ್ ಎಂದು ಮೈನಸ್ ಇರುವ ಒಂದು ಅಂಕೆ ಕಾಣುತ್ತದೆ, ಮುಂದೆ ಡಿಬಿಎಂ ಎಂದಿರುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 100 ದಾಟಿದರೂ ಕೆಲಸ ನಡೆಯುತ್ತದೆ. ಮೈನಸ್ 110 ದಾಟಿದರೆ ಮಾತು ತುಂಡು ತುಂಡಾಗತೊಡಗುತ್ತದೆ, ಮೈನಸ್ 120ಕ್ಕೆ ಹತ್ತಿರವಾದರೆ ಕೈಬಿಟ್ಟ ಹಾಗೆ. ಹತ್ತು ಅಂಕೆ ಇಳಿಯಿತೆಂದರೆ ಸಿಗ್ನಲ್‌ನ ಶಕ್ತಿ ಹತ್ತರಲ್ಲೊಂದು ಪಾಲಿಗೆ ಇಳಿದಿದೆ ಎಂದು ಅರ್ಥ.

ಪೆರ್ಲದ ಕಡೆ ನೆಂಟರ ಮನೆಯಲ್ಲಿ ಹೀಗೆ ನೋಡಿದಾಗ ಜಗಲಿಯಲ್ಲಿ ಮೈನಸ್ 94 ಇತ್ತು. ಚಾವಡಿಗೆ ಬಂದಾಗ 105. ಅಡುಗೆಮನೆಯಲ್ಲಿ ನೀರಿನ ಪಾತ್ರೆ ಇಡುವ ಮೂಲೆಗೆ ಹೋದಾಗ 118. ಮುರಕಲ್ಲಿನ ಎರಡು ಗೋಡೆ, ಮೇಲೆ ಕಾಂಕ್ರೀಟ್. ಆ ಮನೆಯ ಅತ್ತೆಯವರು ದಿನದ ಬಹುಪಾಲು ಇರುವುದು ಆ ಅಡುಗೆಮನೆಯಲ್ಲೇ. ಹಾಗಾಗಿ ಫೋನ್ ಯಾರಿಗೋ, ಅವರು ಜಾಸ್ತಿ ಹೊತ್ತು ಇರುವ ಜಾಗದಲ್ಲಿ ನೋಡಿ.

ಬೇರೆ ಬೇರೆ ಕಂಪನಿಯ ಸಿಮ್ ಇರುವ ನೆಂಟರು ಮನೆಗೆ ಬಂದಾಗ ಅವರ ಫೋನ್ ಹಿಡಿದುಕೊಂಡು ಹೀಗೇ ಒಂದು ಸುತ್ತು ಹಾಕಿ. ಸಂಜೆ ಏಳೆಂಟು ಗಂಟೆಗೆ ಎಲ್ಲರೂ ವಿಡಿಯೊ ನೋಡುವ ಹೊತ್ತಿನಲ್ಲಿ ನೆಟ್ ಹೇಗಿರುತ್ತದೆ ಎಂದೂ ಪರೀಕ್ಷಿಸಿ. ಮೊಬೈಲ್ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಟ್ರಾಯ್‌ನ ನಿಯಮದಂತೆ ಕಂಪನಿಗಳು ತಮ್ಮ ಕವರೇಜ್ ಮ್ಯಾಪ್‌ಗಳನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಅದನ್ನು ನೋಡುವುದು ಒಳ್ಳೆಯದೇ, ಆದರೆ ಮ್ಯಾಪಿಗೆ ನಿಮ್ಮ ಅಡುಗೆಮನೆಯ ಗೋಡೆ ಗೊತ್ತಿರುವುದಿಲ್ಲ.

ಇನ್ನೊಂದು ಮಾತು ಅಕ್ಕಪಕ್ಕದವರನ್ನು ಕೇಳಲೇಬೇಕು: ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವ ಕಂಪನಿಯ ಟವರ್ ಎಷ್ಟು ಹೊತ್ತು ನಿಲ್ಲುತ್ತದೆ? ಆಟಿ ತಿಂಗಳಲ್ಲಿ ರಾತ್ರಿ ಮರ ಬಿದ್ದು ಲೈನ್ ಹೋದಾಗಲೇ ಫೋನ್ ನಿಜವಾಗಿ ಬೇಕಾಗುವುದು ಅಲ್ವಾ.

ಮನೆಯಲ್ಲಿ ಕೇಬಲ್‌ನವರ ಫೈಬರ್ ಇಂಟರ್ನೆಟ್ಟೋ, ಕೇರಳ ಸರ್ಕಾರದ ಕೆ-ಫೋನ್ ಇಂಟರ್ನೆಟ್ ಸಂಪರ್ಕವೋ ಇದ್ದರೆ ನಿಮ್ಮ ಕಷ್ಟ ಅರ್ಧ ಕಡಿಮೆ. ವೈಫೈ ಕಾಲಿಂಗ್ ಎಂಬ ಸೌಲಭ್ಯ ಇರುವ ಫೋನಿನಲ್ಲಿ, ಅದನ್ನು ಕೊಡುವ ಕಂಪನಿಯ ಸಿಮ್ ಹಾಕಿದರೆ, ರೇಂಜ್ ಇಲ್ಲದ ಕೋಣೆಯಲ್ಲೂ ವೈಫೈ ಮೂಲಕ ಮಾಮೂಲಿ ಕರೆ ಬರುತ್ತದೆ, ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಆನ್ ಮಾಡಿದರೆ ಸಾಕು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದು ಆಫ್ ಆಗಿಯೇ ಉಳಿದಿರುತ್ತದೆ.

ಕೇರಳದ ಸಿಮ್ಮೋ, ಕರ್ನಾಟಕದ ಸಿಮ್ಮೋ?

ಇದು ಗಡಿನಾಡಿನವರಿಗೆ ಮಾತ್ರ ಬರುವ ಪ್ರಶ್ನೆ. ಮೊಬೈಲ್ ಕಂಪನಿಗಳ ಲೆಕ್ಕದಲ್ಲಿ ಕಾಸರಗೋಡು ಕೇರಳ ಸರ್ಕಲ್, ತಲಪಾಡಿ ದಾಟಿದರೆ ಕರ್ನಾಟಕ ಸರ್ಕಲ್. ಮಂಗಳೂರಿನಲ್ಲಿ ಓದುವಾಗ ತೆಗೆದ ಸಿಮ್ಮನ್ನೇ ಊರಿಗೆ ಬಂದ ಮೇಲೂ ಇಟ್ಟುಕೊಂಡವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಹಿಂದೆ ಆಚೆಯ ಟವರ್ ಹಿಡಿದರೆ ರೋಮಿಂಗ್ ಎಂದು ದುಡ್ಡು ಹೋಗುತ್ತಿತ್ತು. ಈಗಿನ ಅನ್‌ಲಿಮಿಟೆಡ್ ಪ್ಲಾನ್‌ಗಳಲ್ಲಿ ದೇಶದೊಳಗಿನ ರೋಮಿಂಗ್ ಸೇರಿಯೇ ಇರುವುದರಿಂದ ಆ ಭಯ ಬೇಡ.

ಉಳಿಯುವ ವ್ಯತ್ಯಾಸ ಮುಖ್ಯವಾಗಿ ಭಾಷೆಯದು. ಕೇರಳದ ಸಿಮ್‌ಗೆ ಕಂಪನಿಯ ಮೆಸೇಜು, ಕಸ್ಟಮರ್ ಕೇರಿನ ಧ್ವನಿ ಹೆಚ್ಚಾಗಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ, ನಾಳೆ ಪ್ಲಾನ್ ಮುಗಿಯುತ್ತದೆ ಎಂಬ ಮೆಸೇಜ್ ಬಂದರೂ ಗೊತ್ತಾಗುವುದಿಲ್ಲ. ಅಂಥವರಿಗೆ ಕರ್ನಾಟಕದ ಸಿಮ್ ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆ ಎಂದು ನನ್ನ ಅಭಿಪ್ರಾಯ. ತಮ್ಮ ಫೋನಿಗೆ ಬಂದದ್ದನ್ನು ತಾವೇ ಓದಿಕೊಳ್ಳುವಂತಾಗುವುದು ಸಣ್ಣ ವಿಷಯವಲ್ಲ. ಕಂಪನಿಯ ಆ್ಯಪ್‌ನಲ್ಲಿ ಕನ್ನಡ ಇದೆಯೇ ಎಂದೂ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ.

ಆದರೆ ಎರಡು ಎಚ್ಚರ. ಯುಪಿಐ ಆ್ಯಪ್‌ನಲ್ಲಿ ರೀಚಾರ್ಜ್ ಮಾಡುವಾಗ ಸರ್ಕಲ್ ಸರಿಯಾಗಿ ತೋರಿಸುತ್ತಿದೆಯೇ ನೋಡಿ, ಏಕೆಂದರೆ ಕೆಲವು ಪ್ಲಾನ್‌ಗಳು ಸರ್ಕಲ್‌ನಿಂದ ಸರ್ಕಲ್‌ಗೆ ಬದಲಾಗುತ್ತವೆ. ಸಿಮ್ ಹಾಳಾದರೆ ಡೂಪ್ಲಿಕೇಟ್ ಸಿಮ್ ಕಾಸರಗೋಡಿನಲ್ಲೇ ಕೊಡುತ್ತಾರಾ, ಮಂಗಳೂರಿಗೇ ಹೋಗಬೇಕಾ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಪ್ಲಾನ್: ದಿನದ ಲೆಕ್ಕ ಹಾಕಿ

ಪ್ಲಾನಿನ ಬೆಲೆಯನ್ನು ದಿನಗಳಿಂದ ಭಾಗಿಸಿ. ಬೇರೆ ಯಾವ ಲೆಕ್ಕವೂ ಬೇಡ. 28 ದಿನದ ಪ್ಲಾನ್ 300 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 10 ರೂಪಾಯಿ 71 ಪೈಸೆ ಬಿತ್ತು. 84 ದಿನಕ್ಕೆ 800 ರೂಪಾಯಿ ಇದ್ದರೆ ದಿನಕ್ಕೆ 9 ರೂಪಾಯಿ 52 ಪೈಸೆ. ತಿಂಗಳಿಗೆ 300 ಎಂದುಕೊಂಡವರು ವರ್ಷಕ್ಕೆ 3,600 ಎನ್ನುತ್ತಾರೆ. ನಿಜವಾಗಿ 28 ದಿನದ ಪ್ಲಾನನ್ನು ವರ್ಷಕ್ಕೆ 13 ಸಲ ಹಾಕಿಸಬೇಕು, ಆಗ ಅದು 3,900. ಈ ಹದಿಮೂರನೇ ತಿಂಗಳ ದೂರು ಹೆಚ್ಚಾದ ಮೇಲೆ 2022ರಲ್ಲಿ ಟ್ರಾಯ್ ಒಂದು ನಿಯಮ ಮಾಡಿತು. ಪ್ರತಿ ಕಂಪನಿಯೂ 30 ದಿನದ ಒಂದು ಪ್ಲಾನ್, ಪ್ರತಿ ತಿಂಗಳು ಅದೇ ತಾರೀಕಿಗೆ ಬರುವ ಒಂದು ಪ್ಲಾನ್ ಕೊಡಲೇಬೇಕು. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ, ನಾವೇ ಕೇಳಬೇಕು.

ಡೇಟಾ ಎಷ್ಟು ಬೇಕು? ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಯೂಸೇಜ್ ತೆರೆದು ಕಳೆದ ತಿಂಗಳ ಬಳಕೆ ನೋಡಿ, ಮೂವತ್ತರಿಂದ ಭಾಗಿಸಿ. ವಾಟ್ಸ್‌ಆ್ಯಪ್, ಯುಪಿಐ, ಪೇಪರ್ ಓದುವುದು ಇಷ್ಟೇ ಇದ್ದರೆ ದಿನಕ್ಕೆ 1 ಜಿಬಿ ಖರ್ಚಾಗುವುದಿಲ್ಲ. ಸಾಧಾರಣ ಗುಣಮಟ್ಟದಲ್ಲಿ ಒಂದು ಗಂಟೆ ವಿಡಿಯೊ ನೋಡಿದರೆ ಸುಮಾರು ಅರ್ಧ ಜಿಬಿ. ಉಳಿದ ಡೇಟಾ ಸಾಮಾನ್ಯವಾಗಿ ಮರುದಿನಕ್ಕೆ ಸೇರುವುದಿಲ್ಲ, ಮಧ್ಯರಾತ್ರಿಗೆ ಹೋಯಿತು. ಮನೆಯಲ್ಲಿ ವೈಫೈ ಇದ್ದವರು ದೊಡ್ಡ ಡೇಟಾ ಪ್ಲಾನ್ ಹಾಕಿಸುವುದು ಸುಮ್ನೆ ದಂಡ. 5ಜಿಗೂ ಇದೇ ಮಾತು. 2024ರ ಜುಲೈಯಲ್ಲಿ ದರ ಏರಿದ ಮೇಲೆ ಜಿಯೋ ಅನ್‌ಲಿಮಿಟೆಡ್ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಅದರ ಮೇಲಿನ ಪ್ಲಾನ್‌ಗಳಿಗೆ ಸೀಮಿತ ಮಾಡಿತು. ನಿಮ್ಮ ಊರಿಗೆ 5ಜಿ ಬಂದೇ ಇಲ್ಲವಾದರೆ ಅದಕ್ಕಾಗಿ ದುಬಾರಿ ಪ್ಲಾನ್ ಏಕೆ?

ನನಗೆ ಎಲ್ಲಕ್ಕಿಂತ ಬೇಸರವಾಗುವುದು ಹಿರಿಯರ ಫೋನ್ ನೋಡಿದಾಗ. ಕೀಪ್ಯಾಡ್ ಸೆಟ್ ಇಟ್ಟುಕೊಂಡ ಅಜ್ಜಿಯ ನಂಬರಿಗೂ ದಿನಕ್ಕೆ ಒಂದೂವರೆ ಜಿಬಿ ಡೇಟಾ! “ಎಲ್ಲರೂ ಇದನ್ನೇ ಹಾಕಿಸುವುದು ಅಕ್ಕಾ” ಎಂದು ಅಂಗಡಿಯವರು ಹೇಳುತ್ತಾರೆ, ನಾವು ಹೂಂ ಎನ್ನುತ್ತೇವೆ. ಡೇಟಾ ಬೇಡದವರಿಗೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಲಾನ್ ಕೊಡಬೇಕು ಎಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಆದೇಶ ಮಾಡಿದೆ. ಇಂಥ ವಿಶೇಷ ರೀಚಾರ್ಜ್‌ಗಳ ಗರಿಷ್ಠ ಅವಧಿಯನ್ನು 90 ದಿನದಿಂದ 365 ದಿನಕ್ಕೂ ಏರಿಸಿತು. 2025ರ ಜನವರಿಯಿಂದ ದೊಡ್ಡ ಖಾಸಗಿ ಕಂಪನಿಗಳಲ್ಲಿ ಇವು ಸಿಗುತ್ತಿವೆ. ರೀಚಾರ್ಜ್ ಪಟ್ಟಿಯಲ್ಲಿ ಎಲ್ಲೋ ಕೆಳಗೆ ಇರಬಹುದು, “ವಾಯ್ಸ್ ಓನ್ಲಿ ಪ್ಲಾನ್ ತೋರಿಸಿ” ಎಂದು ಗಟ್ಟಿಯಾಗಿ ಕೇಳಿ. ವರ್ಷಕ್ಕೊಮ್ಮೆ ಹಾಕಿಸಿದರೆ ಅಜ್ಜಿಗೆ ಪ್ರತಿ ತಿಂಗಳು ಮೊಮ್ಮಕ್ಕಳನ್ನು ಕಾಯುವ ಕೆಲಸವೂ ಇಲ್ಲ.

ಎರಡನೇ ಸಿಮ್ ಇಟ್ಟುಕೊಂಡವರಿಗೆ ಒಂದು ವಿಷಯ. ಪ್ರೀಪೇಯ್ಡ್ ಖಾತೆಯಲ್ಲಿ 20 ರೂಪಾಯಿ ಅಥವಾ ಹೆಚ್ಚು ಬ್ಯಾಲೆನ್ಸ್ ಇದ್ದರೆ, ಬಳಸಿಲ್ಲ ಎಂಬ ಕಾರಣಕ್ಕೆ ನಂಬರ್ ರದ್ದು ಮಾಡುವಂತಿಲ್ಲ. ನಂಬರ್ ಉಳಿಯುತ್ತದೆ, ಆದರೆ ಕರೆಗಳು ನಡೆಯಬೇಕಾದರೆ ಪ್ಲಾನ್ ಬೇಕೇ ಬೇಕು.

ಕಂಪನಿ ಬದಲಿಸುವುದಾದರೆ

ನಂಬರ್ ಬದಲಾಗುತ್ತದೆ ಎಂದು ಹೆದರಿ ರೇಂಜ್ ಇಲ್ಲದ ಸಿಮ್ಮನ್ನೇ ಹಿಡಿದುಕೊಂಡಿರಬೇಡಿ. ಇದ್ದ ನಂಬರನ್ನೇ ಉಳಿಸಿಕೊಂಡು ಕಂಪನಿ ಬದಲಿಸಬಹುದು, ಅದಕ್ಕೆ ಪೋರ್ಟಿಂಗ್ ಎನ್ನುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಪೋರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು, ನಿಮ್ಮ ಹತ್ತಂಕಿಯ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿ. ಪ್ಲಾನ್ ಮುಗಿದಿದ್ದರೂ ಈ ಮೆಸೇಜಿಗೆ ಅವಕಾಶ ಕೊಡಬೇಕೆಂದು 2021ರ ಡಿಸೆಂಬರ್‌ನಲ್ಲೇ ಟ್ರಾಯ್ ಸೂಚಿಸಿದೆ. ಮರಳಿ ಬರುವ ಕೋಡ್ ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ಅದನ್ನೂ ಆಧಾರ್ ಕಾರ್ಡನ್ನೂ ಹಿಡಿದುಕೊಂಡು ಹೊಸ ಕಂಪನಿಯ ಅಂಗಡಿಗೆ ಹೋಗಿ. ಕೇರಳದೊಳಗೇ ಆದರೆ ಮೂರು ಕೆಲಸದ ದಿನ, ಕರ್ನಾಟಕದ ಸಿಮ್ಮನ್ನು ಕೇರಳಕ್ಕೆ ತರುವುದಾದರೆ ಐದು. 2015ರ ಜುಲೈಯಿಂದ ಈ ಅಂತರರಾಜ್ಯ ಪೋರ್ಟಿಂಗ್ ಇದೆ.

ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಡೂಪ್ಲಿಕೇಟ್ ಸಿಮ್ ತೆಗೆದಿದ್ದರೆ ಏಳು ದಿನ ಕಾಯಬೇಕು, ಇದು 2024ರ ಜುಲೈಯಿಂದ ಬಂದ ನಿಯಮ. ಹಳೆಯ ಬ್ಯಾಲೆನ್ಸ್ ಹೊಸ ಕಂಪನಿಗೆ ಬರುವುದಿಲ್ಲ, ಹಾಗಾಗಿ ಪ್ಲಾನ್ ಮುಗಿಯುವ ಹೊತ್ತಿಗೆ ಪೋರ್ಟ್ ಮಾಡಿ.

ಈಗ ಫೋನ್

ಕೀಪ್ಯಾಡ್ ಸೆಟ್ ಸಾಕು ಎನ್ನುವವರು 4ಜಿ ವೋಲ್ಟಿ, ಅಂದರೆ 4ಜಿಯಲ್ಲೇ ಕರೆ ಮಾಡುವ ಸೌಲಭ್ಯ, ಇರುವುದನ್ನೇ ಕೊಳ್ಳಿ. ಜಿಯೋಗೆ 2ಜಿ ಇಲ್ಲ, ಹಳೆಯ 2ಜಿ ಸೆಟ್ಟಿನಲ್ಲಿ ಅದರ ಸಿಮ್ ನಡೆಯುವುದೇ ಇಲ್ಲ. 2023ರಲ್ಲಿ 999 ರೂಪಾಯಿಗೆ ಬಂದ ಜಿಯೋಭಾರತ್ ಅಗ್ಗವೇನೋ ಹೌದು, ಆದರೆ ಅದಕ್ಕೆ ಜಿಯೋ ಸಿಮ್ ಮಾತ್ರ. ನಿಮ್ಮ ಮನೆಯಲ್ಲಿ ಜಿಯೋ ರೇಂಜ್ ಚೆನ್ನಾಗಿದ್ದರೆ ಧೈರ್ಯವಾಗಿ ಕೊಳ್ಳಿ.

ಟಚ್ ಫೋನ್ ಆದರೆ ಬ್ಯಾಂಡ್, ಅಂದರೆ ಆ ಫೋನ್ ಯಾವ ಯಾವ ಫ್ರೀಕ್ವೆನ್ಸಿಯ ಸಿಗ್ನಲ್ ಹಿಡಿಯುತ್ತದೆ ಎಂಬುದನ್ನು ನೋಡಿ. ಇದನ್ನು ಯಾರೂ ನೋಡುವುದಿಲ್ಲ, ನಮ್ಮಂಥ ಗುಡ್ಡೆ ಊರಿನವರು ನೋಡಲೇಬೇಕು. ಕಡಿಮೆ ಫ್ರೀಕ್ವೆನ್ಸಿಯ ಅಲೆ ದೂರ ಹೋಗುತ್ತದೆ, ಗೋಡೆಯೊಳಗೂ ಚೆನ್ನಾಗಿ ನುಗ್ಗುತ್ತದೆ. ಬಿಎಸ್‌ಎನ್‌ಎಲ್ 4ಜಿಗೆ 700 ಮೆಗಾಹರ್ಟ್ಸ್ ಬಳಸುತ್ತದೆ, ಅದು ಬ್ಯಾಂಡ್ 28. ಜಿಯೋ 5ಜಿಗೆ ಅದೇ 700ರಲ್ಲಿ ಎನ್28 ಎಂಬ ಬ್ಯಾಂಡ್ ಬಳಸುತ್ತದೆ. ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲಿನ ವಿವರ ತೆರೆದರೆ ಬ್ಯಾಂಡ್‌ಗಳ ಪಟ್ಟಿ ಇರುತ್ತದೆ. ಬಿಎಸ್‌ಎನ್‌ಎಲ್ ಹಾಕುವವರು ಬ್ಯಾಂಡ್ 28 ಇಲ್ಲದ ಫೋನ್ ಕೊಂಡರೆ ಟವರ್ ಎದುರಿಗಿದ್ದರೂ ಪೂರ್ತಿ ಪ್ರಯೋಜನ ಸಿಗುವುದಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ರ್‍ಯಾಮ್ 4 ಜಿಬಿಗಿಂತ ಕಡಿಮೆ ಬೇಡ, 6 ಇದ್ದರೆ ನೆಮ್ಮದಿ. ಸ್ಟೋರೇಜ್ 128 ಜಿಬಿ. ಬ್ಯಾಟರಿ 5000 ಎಂಎಎಚ್. ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಾರೆ ಎಂದು ಕೇಳಿ, ಯುಪಿಐ ಬಳಸುವವರಿಗೆ ಕ್ಯಾಮೆರಾಕ್ಕಿಂತ ಇದು ಮುಖ್ಯ. ಬಾಕ್ಸಿನಲ್ಲಿ ಚಾರ್ಜರ್ ಇದೆಯೇ, ಸರ್ವೀಸ್ ಸೆಂಟರ್ ಕಾಸರಗೋಡಿನಲ್ಲಿದೆಯೇ ಮಂಗಳೂರಿಗೆ ಓಡಬೇಕೇ ವಿಚಾರಿಸಿ. ಮೊಬೈಲಿಗೆ ಜಿಎಸ್‌ಟಿ ಎರಡೂ ಕಡೆ 18 ಶೇಕಡಾ, ಹಾಗಾಗಿ ಗಡಿ ದಾಟಿದರೆ ತೆರಿಗೆ ಉಳಿಯುತ್ತದೆ ಎಂದುಕೊಳ್ಳಬೇಡಿ. ಅಂಗಡಿಯಲ್ಲೇ ಕೀಬೋರ್ಡಿಗೆ ಕನ್ನಡ ಸೇರಿಸಿ ಎರಡು ಸಾಲು ಬರೆದು ನೋಡಿ, ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿಯೂ ನೋಡಿ. ಟೈಪ್ ಮಾಡಲು ಕಷ್ಟಪಡುವವರಿಗೆ ಈ ಮೈಕ್ ದೊಡ್ಡ ಆಸರೆ.

ಹಳೆಯ ಫೋನ್ ಕೊಳ್ಳುವವರು ದುಡ್ಡು ಕೊಡುವ ಮೊದಲು *#06# ಒತ್ತಿ. ಹದಿನೈದು ಅಂಕೆಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ಕಾಣುತ್ತದೆ. ಇಂಗ್ಲಿಷಿನ ಕೆ, ವೈ, ಎಂ ಅಕ್ಷರ ಬರೆದು, ಜಾಗ ಬಿಟ್ಟು, ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಮಾಡಿ. ಕದ್ದ ಫೋನೆಂದು ಬ್ಲಾಕ್ ಆಗಿದ್ದರೆ ಉತ್ತರದಲ್ಲಿ ತಿಳಿಯುತ್ತದೆ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲೂ ನೋಡಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದೂ ಅಲ್ಲೇ ಸಿಗುತ್ತದೆ, ಗೊತ್ತಿಲ್ಲದ ನಂಬರ್ ಕಂಡರೆ ಅಲ್ಲೇ ದೂರು ಕೊಡಿ.

ಹೊಸದಾಗಲಿ ಹಳೆಯದಾಗಲಿ ಬಿಲ್ ಇಲ್ಲದೆ ಕೊಳ್ಳಬೇಡಿ. ಬಿಲ್ಲಿನಲ್ಲಿರುವ ಐಎಂಇಐ ಫೋನಿನದ್ದೇ ಎಂದು ಅಂಗಡಿಯಲ್ಲೇ ಹೋಲಿಸಿ. ಬಿಲ್ಲಿನ ಫೋಟೊ ತೆಗೆದು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಡಿ. ಫೋನ್ ಕಳೆದರೆ ಸಂಚಾರ್ ಸಾಥಿಯಲ್ಲಿ ಅದನ್ನು ಬ್ಲಾಕ್ ಮಾಡಿಸಲು ಪೊಲೀಸ್ ದೂರಿನ ಪ್ರತಿಯ ಜೊತೆ ಆ ಐಎಂಇಐ ನಂಬರ್ ಬೇಕಾಗುತ್ತದೆ.