ಇಂಟರ್ನೆಟ್ ಕಂಪನಿ ಬದಲಾಯಿತು, ಇಮೇಲ್ ಉಳಿಯಿತು

ಉಡುಪಿಯಲ್ಲಿ ನಮ್ಮದೊಂದು ಪ್ರಿಂಟಿಂಗ್ ಪ್ರೆಸ್. ಬ್ರಹ್ಮಕಲಶ, ನೇಮ, ಮದುವೆಗಳ ಆಮಂತ್ರಣದ ಮ್ಯಾಟರ್ ಮುಂಬೈಯಿಂದಲೂ ಗಲ್ಫ್‌ನಿಂದಲೂ ಇಮೇಲ್‌ಗೇ ಬರುತ್ತದೆ. ಆ ವಿಳಾಸವನ್ನು ಹಿಂದೆ ಕನೆಕ್ಷನ್ ಜೊತೆಗೆ ಇಂಟರ್ನೆಟ್ ಕಂಪನಿಯೇ ಕೊಟ್ಟಿತ್ತು. ಬಿಲ್ ಪುಸ್ತಕ, ವಿಸಿಟಿಂಗ್ ಕಾರ್ಡ್, ಅಂಗಡಿಯ ಬೋರ್ಡ್ ಎಲ್ಲದರಲ್ಲೂ ಅದೇ. ಮಳೆಗಾಲದಲ್ಲಿ ಗೆಲ್ಲು ಬಿದ್ದು ತಂತಿ ಕಡಿಯುವುದು ಹೆಚ್ಚಾಗಿ, ಬೇರೆಯವರ ಫೈಬರ್ ಹಾಕಿಸುವುದೆಂದು ತೀರ್ಮಾನವಾದಾಗ ನನಗೆ ಚಿಂತೆ ಹತ್ತಿದ್ದು ಈ ವಿಳಾಸದ್ದೇ.

ಮೊಬೈಲ್ ನಂಬರನ್ನು 2011ರಿಂದ ದೇಶದಾದ್ಯಂತ ಪೋರ್ಟ್ ಮಾಡಬಹುದು, ಅಂದರೆ ಕಂಪನಿ ಬದಲಿಸಿದರೂ ನಂಬರ್ ಉಳಿಸಿಕೊಳ್ಳಬಹುದು. ಇಮೇಲಿಗೆ ಆ ಸೌಲಭ್ಯ ಇಲ್ಲ. ವಿಳಾಸದಲ್ಲಿ ‘@’ ಆದಮೇಲೆ ಬರುವ ಹೆಸರು ಕಂಪನಿಯದ್ದು. ಕನೆಕ್ಷನ್ ಸರೆಂಡರ್ ಮಾಡಿದರೆ ಇವತ್ತಲ್ಲ ನಾಳೆ ಮೇಲ್ ಡಬ್ಬಿಯೂ ಮುಚ್ಚುತ್ತದೆ. ಹಾಗಾಗಿ ಹಳೆಯದನ್ನು ಹಾಗೆಯೇ ಇಟ್ಟುಕೊಂಡು ಹೊಸದನ್ನು ಹಾಕಿಸಿದೆ. “ಎರಡೆರಡು ಬಿಲ್ಲು ಯಾಕೆ ಮಾರಾಯ?” ಎಂದು ಅಪ್ಪ ಕೇಳಿದರು. ಮೇಲ್ ಎಲ್ಲ ಆಚೆಗೆ ಸಾಗಿಸುವವರೆಗೆ ಎರಡೂ ಬೇಕು ಅಪ್ಪ, ಎಂದೆ. ಆ ಹೆಚ್ಚುವರಿ ಬಾಡಿಗೆ ಕೊಟ್ಟದ್ದು ಈಗಲೂ ಸರಿಯೆಂದೇ ನನಗನ್ನಿಸುತ್ತದೆ.

ಮೊದಲು ಪ್ರೆಸ್ಸಿನ ಹೆಸರಿನಲ್ಲೇ ‘ಡಾಟ್ ಇನ್’ ಡೊಮೇನ್ (‘@’ ಆದಮೇಲೆ ಬರುವ ನಮ್ಮದೇ ಹೆಸರು) ತೆಗೆದುಕೊಂಡು, ಮೇಲ್ ಸೇವೆಯನ್ನು ಇಂಟರ್ನೆಟ್‌ಗೆ ಸಂಬಂಧವೇ ಇಲ್ಲದ ಇನ್ನೊಂದು ಕಡೆ ಪಡೆದೆ. ಡೊಮೇನಿನ ಎಂಎಕ್ಸ್ ರೆಕಾರ್ಡಿನಲ್ಲಿ, ಅಂದರೆ ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ನಮೂದಿನಲ್ಲಿ, ಆ ಸೇವೆಯ ಸರ್ವರ್ ಹೆಸರು ಹಾಕಿದರೆ ಮೇಲ್ ಅಲ್ಲಿಗೆ ಬರುತ್ತದೆ. ನಾಳೆ ಆ ಸೇವೆ ಬೇಡವಾದರೆ ರೆಕಾರ್ಡ್ ಬದಲಿಸಿದರಾಯಿತು, ವಿಳಾಸ ಅದೇ ಇರುತ್ತದೆ. ಮೇಲ್ ನಿಜವಾಗಿ ನಮ್ಮ ಡೊಮೇನಿನದ್ದೇ ಎಂದು ಪಡೆಯುವವರ ಸರ್ವರಿಗೆ ತೋರಿಸುವ ಎಸ್‌ಪಿಎಫ್, ಡಿಕೆಐಎಂ ಎಂಬ ಎರಡು ರೆಕಾರ್ಡುಗಳನ್ನೂ ಆಗಲೇ ಸೇರಿಸಿದೆ. ಅವಿಲ್ಲದಿದ್ದರೆ ನಮ್ಮ ಕೊಟೇಶನ್ ಗಿರಾಕಿಯ ಸ್ಪ್ಯಾಮಿಗೆ ಬೀಳುವ ಸಂಭವ ಹೆಚ್ಚು.

ಹಳೆಯ ಮೇಲ್ ಸಾಗಿಸುವುದೇ ದೊಡ್ಡ ಕೆಲಸ. ನಮ್ಮದು ಪಾಪ್ ವಿಧಾನದಲ್ಲಿತ್ತು. ಅಂದರೆ ಮೇಲ್ ಸರ್ವರಿನಿಂದ ಇಳಿದು ಆಫೀಸಿನ ಒಂದೇ ಕಂಪ್ಯೂಟರಿನಲ್ಲಿ ಕೂತಿತ್ತು. ಆ ಹಾರ್ಡ್ ಡಿಸ್ಕ್ ಹೋದರೆ ಎಲ್ಲವೂ ಹೋದಂತೆ. ನಾವು ಮೇಲ್ ನೋಡುವ ಸಾಫ್ಟ್‌ವೇರ್ ಥಂಡರ್‌ಬರ್ಡ್; ಮೇಲ್ ಎಲ್ಲ ಇರುವ ಅದರ ಪ್ರೊಫೈಲ್ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಟ್ಟೆ. ಆಮೇಲೆ ಅದೇ ಥಂಡರ್‌ಬರ್ಡಿನಲ್ಲಿ ಹೊಸ ವಿಳಾಸವನ್ನು ಐಮ್ಯಾಪ್ ಆಗಿ (ಮೇಲ್ ಸರ್ವರಿನಲ್ಲೇ ಉಳಿಯುವ ವಿಧಾನ), 993 ಪೋರ್ಟಿನಲ್ಲಿ (ಸರ್ವರಿನ ನಂಬರಿರುವ ಬಾಗಿಲಿನಂತೆ) ಸೇರಿಸಿ, ಹಳೆಯ ಫೋಲ್ಡರುಗಳಿಂದ ಮೇಲ್‌ಗಳನ್ನು ಅದಕ್ಕೆ ನಕಲು ಮಾಡುತ್ತ ಹೋದೆ. ದೊಡ್ಡ ದೊಡ್ಡ ಡಿಸೈನ್ ಫೈಲುಗಳಿರುವುದರಿಂದ ಒಟ್ಟಿಗೆ ಎಳೆದರೆ ನಡುವೆ ನಿಲ್ಲುತ್ತದೆ. ವರ್ಷ ವರ್ಷ ಬೇರೆ ಮಾಡಿ, ಎರಡೂ ಕಡೆ ಮೇಲ್‌ಗಳ ಸಂಖ್ಯೆ ತಾಳೆ ನೋಡುವುದು ಒಳ್ಳೆಯದು. ‘ಸೆಂಟ್’ ಫೋಲ್ಡರನ್ನು ತುಂಬ ಜನ ಮರೆಯುತ್ತಾರೆ. ದರ ಎಷ್ಟು ಹೇಳಿದ್ದೆವು ಎಂಬ ದಾಖಲೆ ಇರುವುದು ಅಲ್ಲೇ.

ಫೈಬರ್ ಬಂದ ಮೇಲೆ ಹಳೆಯ ವಿಳಾಸಕ್ಕೆ ಮೇಲ್ ಬರುತ್ತಿತ್ತು, ಅಲ್ಲಿಂದ ಹೋಗುತ್ತಿರಲಿಲ್ಲ. ಸೆಟ್ಟಿಂಗ್ ನೋಡಿದರೆ ಕಳುಹಿಸುವ ಪೋರ್ಟ್ 25. ಸ್ಪ್ಯಾಮ್ ತಡೆಯಲು ಅನೇಕ ಇಂಟರ್ನೆಟ್ ಕಂಪನಿಗಳು ಅದನ್ನು ಮುಚ್ಚಿಡುತ್ತವೆ. 587ಕ್ಕೆ ಬದಲಿಸಿ, ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಕಳುಹಿಸುವಂತೆ ಮಾಡಿದಾಗ ಸರಿಯಾಯಿತು. ಕೆಲವು ಸರ್ವರುಗಳು ತಮ್ಮ ಜಾಲದೊಳಗಿನವರಿಗೆ ಮಾತ್ರ ಕಳುಹಿಸಲು ಬಿಡುತ್ತವೆ. ಹಾಗಿದ್ದರೆ ಉತ್ತರವನ್ನು ಹೊಸ ವಿಳಾಸದಿಂದಲೇ ಬರೆಯಬೇಕು.

ಇನ್ನು ಹಳೆಯ ವಿಳಾಸವನ್ನೇ ನಂಬಿಕೊಂಡಿರುವ ಖಾತೆಗಳು. ಜಿಎಸ್‌ಟಿ, ಆದಾಯ ತೆರಿಗೆ, ಬ್ಯಾಂಕು ನೆನಪಿಗೆ ಬರುತ್ತವೆ, ಉಳಿದವು ಬರುವುದಿಲ್ಲ. ಇನ್‌ಬಾಕ್ಸಿನಲ್ಲಿ ‘ಒಟಿಪಿ’, ‘ಪಾಸ್‌ವರ್ಡ್’, ‘ವೆರಿಫೈ’, ‘ಇನ್‌ವಾಯ್ಸ್’ ಎಂಬ ಇಂಗ್ಲಿಷ್ ಪದಗಳನ್ನು ಹುಡುಕಿದೆ. ಪೇಪರ್ ಡೀಲರ್, ಫಾಂಟ್ ಲೈಸೆನ್ಸ್, ವಿಮೆ ಎಲ್ಲ ಒಂದೊಂದಾಗಿ ಮೇಲೆ ಬಂದವು. ಇಮೇಲ್ ಬದಲಿಸಲು ಕೆಲವು ಕಡೆ ಹಳೆಯ ವಿಳಾಸಕ್ಕೇ ಒಟಿಪಿ ಬರುವುದರಿಂದ, ಅದು ಜೀವಂತ ಇರುವಾಗಲೇ ಈ ಕೆಲಸ ಆಗಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಇದು ನೋಂದಣಿಯ ‘ನಾನ್-ಕೋರ್’ (ಮುಖ್ಯವಲ್ಲದ ವಿವರಗಳ) ತಿದ್ದುಪಡಿಯ ಕೆಳಗೆ ಸಿಗುತ್ತದೆ.

ಗಿರಾಕಿಗಳಿಗೆ ಹೊಸ ವಿಳಾಸದಿಂದಲೇ ತಿಳಿಸಿದೆ, ಹಳೆಯದರಲ್ಲಿ ಸ್ವಯಂ ಉತ್ತರ ಇಟ್ಟೆ. ಅಲ್ಲಿಗೆ ಜಾಹೀರಾತು ಬಿಟ್ಟು ಬೇರೇನೂ ಬರುವುದು ನಿಂತ ಮೇಲೆಯೇ ಸರೆಂಡರ್ ಅರ್ಜಿ ಕೊಟ್ಟು ರಸೀದಿ ಪಡೆದದ್ದು.

ಡೊಮೇನ್ ಕೊಂಡ ಖಾತೆಗೆ ಮಾತ್ರ ಪ್ರೆಸ್ಸಿನ ಹೊಸ ವಿಳಾಸ ಕೊಟ್ಟಿಲ್ಲ, ನನ್ನ ಜಿಮೇಲ್ ಕೊಟ್ಟಿದ್ದೇನೆ. ನವೀಕರಣ ತಪ್ಪಿ ಡೊಮೇನ್ ನಿಂತರೆ ಅದರ ಇಮೇಲೂ ನಿಲ್ಲುತ್ತದೆ. ಆಗ ಎಚ್ಚರಿಕೆಯ ಮೇಲ್ ಬೇರೆ ಎಲ್ಲಿಗಾದರೂ ಬರಬೇಕಲ್ಲ.