ಶಿರಸಿಯಲ್ಲಿ ಕೂತು ರೇಸ್ ಕಾರ್ಡ್ ಓದಿದ್ದು: ನನ್ನ ಅನುಭವ

ಪ್ಯಾಡಕ್ (ಓಟಕ್ಕೆ ಮೊದಲು ಕುದುರೆಗಳನ್ನು ನಡೆಸಿ ತೋರಿಸುವ ಜಾಗ) ನೋಡದೆ, ಲಾಯದ ಸುದ್ದಿ ಕೇಳದೆ, ಘಟ್ಟದ ಮೇಲೆ ಕೂತು ಬೆಂಗಳೂರಿನ ಕುದುರೆ ರೇಸಿನ ಕಾರ್ಡ್ (ಆ ದಿನದ ರೇಸುಗಳ, ಓಡುವ ಕುದುರೆಗಳ ಪಟ್ಟಿ) ಹಿಡಿದು ಲೆಕ್ಕ ಹಾಕಲು ಆಗುವುದಿಲ್ಲ ಎಂದವರೇ ಜಾಸ್ತಿ. ರೇಸ್ ಕೋರ್ಸ್‌ನ ಹಳೇ ಗೆಳೆಯರೂ ಅದನ್ನೇ ಹೇಳಿದರು, ಊರಿನ ಅಡಿಕೆ ವ್ಯಾಪಾರದ ದೋಸ್ತಿಗಳೂ ಅದನ್ನೇ ಹೇಳಿದರು. ಆಗುತ್ತದೆ. ಎರಡು ಮೈಸೂರು ಸೀಸನ್, ನಡುವಿನ ಒಂದು ಬೆಂಗಳೂರು ಚಳಿಗಾಲದ ಸೀಸನ್, ಮೂರೂ ನನ್ನ ಪುಸ್ತಕದಲ್ಲಿ ಲಾಭದಲ್ಲೇ ಮುಗಿದಿವೆ. ದೊಡ್ಡ ಮೊತ್ತ ಅಲ್ಲ. ಆದರೆ ತೆರಿಗೆ, ರಾತ್ರಿ ಬಸ್ಸಿನ ಟಿಕೆಟ್, ಮೆಜೆಸ್ಟಿಕ್‌ನ ಊಟ ಎಲ್ಲ ಕಳೆದು ಉಳಿದ ದುಡ್ಡು. ರೇಸ್ ಸ್ವಲ್ಪ ಗೊತ್ತಿದ್ದವರಿಗೆ ಅಂತಲೇ ಬರೆಯುತ್ತಿದ್ದೇನೆ. ಬೇಕಾದ ಕಡೆ ಮಾತ್ರ ಒಂದು ಮಾತಿನಲ್ಲಿ ವಿವರಿಸುತ್ತೇನೆ.

ದುಡ್ಡು ಹೋದ ದಾರಿಗಳನ್ನು ಮೊದಲು ಹೇಳಿಬಿಡುತ್ತೇನೆ. ಒಂದು, ಬೆಳಗಿನ ಗ್ಯಾಲಪ್ (ಅಭ್ಯಾಸದ ಓಟ) ಸಮಯ. 600 ಮೀಟರ್ 38 ಸೆಕೆಂಡ್ ಅಂತ ಪೇಪರಿನಲ್ಲಿ ಬಂದರೆ ಕಣ್ಣು ಅರಳುತ್ತದೆ, ಅಲ್ವಾ? ಒಂದು ಇಡೀ ಬೇಸಿಗೆ ಸೀಸನ್ ಅದನ್ನೇ ಹಿಡಿದು ಆಡಿದೆ. ಬೆನ್ನ ಮೇಲೆ ಕೂತವನ ತೂಕ ಎಷ್ಟು, ಲಗಾಮು ಎಷ್ಟು ಬಿಗಿ ಇತ್ತು, ಜೊತೆಗೆ ಓಡಿದ ಕುದುರೆ ಎಂಥದ್ದು, ಇದ್ಯಾವುದೂ ಆ ಅಂಕಿಯಲ್ಲಿ ಕಾಣುವುದಿಲ್ಲ. ಬೆಳಿಗ್ಗೆ ಹಾರಿದ ಕುದುರೆ ಮಧ್ಯಾಹ್ನದ ರೇಸಿನಲ್ಲಿ ಹತ್ತು ಹನ್ನೆರಡು ಕುದುರೆಗಳ ನಡುವೆ ಸಿಕ್ಕಿಕೊಂಡರೆ ಕಾಲೇ ಎತ್ತುವುದಿಲ್ಲ. ಆ ಸೀಸನ್‌ನಲ್ಲಿ ಸುಮಾರು ಮೂವತ್ತು ಸಾವಿರ ಹೋಯಿತು.

ಎರಡನೆಯದು ಟಿಪ್. ಲಾಯದ ಒಳಗಿನಿಂದಲೇ ಸುದ್ದಿ ಅಂತ ಹೇಳುವ ಒಬ್ಬರಿಗೆ ತಿಂಗಳಿಗೆ ಇಷ್ಟು ಅಂತ ಕೊಟ್ಟೆ. ಅವರು ಹೇಳಿದ ಕುದುರೆ ಗೆದ್ದದ್ದೂ ಇದೆ. ಆದರೆ ಆ ಸುದ್ದಿ ನನಗೆ ಬರುವ ಹೊತ್ತಿಗೆ ಬುಕ್ಕಿಯ (ಪಂತ ತೆಗೆದುಕೊಳ್ಳುವವನ) ಬೋರ್ಡಿನಲ್ಲಿ ಬೆಲೆ, ಅಂದರೆ ಒಂದು ರೂಪಾಯಿಗೆ ಗೆದ್ದರೆ ಸಿಗುವ ಲಾಭ, ಅರ್ಧಕ್ಕೆ ಇಳಿದಿರುತ್ತಿತ್ತು. ನಾಲ್ಕಕ್ಕೆ ಆಡಬೇಕಾದ ಕುದುರೆಯನ್ನು ಎರಡಕ್ಕಿಂತ ಕಡಿಮೆಗೆ ಆಡಿದರೆ ಗೆದ್ದರೂ ಸೋತ ಹಾಗೇ.

ಮೂರನೆಯದು ಜಾಕ್‌ಪಾಟ್, ಅಂದರೆ ಐದು ರೇಸಿನಲ್ಲೂ ಗೆಲ್ಲುವ ಕುದುರೆಯನ್ನು ಒಂದೇ ಟಿಕೆಟ್ಟಿನಲ್ಲಿ ಹಿಡಿಯುವುದು. ಐದು ಜನ ಸೇರಿ ದುಡ್ಡು ಹಾಕುತ್ತಿದ್ದೆವು. ಐದು ರೇಸಿಗೆ 2, 2, 3, 2, 3 ಕುದುರೆ ಹಿಡಿದರೆ 72 ಟಿಕೆಟ್. ಎಲ್ಲರಿಗೂ ಸಮಾಧಾನ ಆಗಲಿ ಅಂತ ಪ್ರತಿ ರೇಸಿಗೂ ಮೂರು ಹಿಡಿದರೆ 243. ನಾಲ್ಕು ಸರಿಯಾಗಿ ಐದನೆಯದರಲ್ಲಿ ಮುರಿಯುವುದೇ ಜಾಸ್ತಿ. ಹೊಡೆದ ದಿನ ಗೆದ್ದ ಮೊತ್ತ ಹತ್ತು ಸಾವಿರ ದಾಟಿದರೆ ಮೂವತ್ತು ಪರ್ಸೆಂಟ್ ಆದಾಯ ತೆರಿಗೆ ಮೂಲದಲ್ಲೇ ಕಡಿತ. ಅದನ್ನು ಐದು ಪಾಲು ಮಾಡಿದ ಮೇಲೆ ಕೈಗೆ ಬಂದದ್ದು ಬಸ್ಸಿನ ಖರ್ಚಿಗೆ ಸ್ವಲ್ಪ ಮೇಲೆ. ಈಗ ಜಾಕ್‌ಪಾಟ್ ಕಡೆ ತಿರುಗಿಯೂ ನೋಡುವುದಿಲ್ಲ.

ಕೆಲಸ ಮಾಡಿದ ಪದ್ಧತಿ ಶುರುವಾಗುವುದು ರೇಸ್ ಬಿಡುವುದರಿಂದ. ಕಾರ್ಡ್ ಬಂದ ಕೂಡಲೇ ಸೊಸೈಟಿಯಲ್ಲಿ ಅಡಿಕೆಯನ್ನು ರಾಶಿ, ಬೆಟ್ಟೆ, ಚಾಲಿ ಅಂತ ಬೇರೆ ಮಾಡಿದ ಹಾಗೆ ರೇಸುಗಳನ್ನು ಬೇರೆ ಮಾಡುತ್ತೇನೆ. ಮೊದಲ ಸಲ ಓಡುವ ಕುದುರೆ ಮೂರಕ್ಕಿಂತ ಜಾಸ್ತಿ ಇದ್ದರೆ ಆ ರೇಸ್ ಬಿಟ್ಟೆ. ಆರು ಕುದುರೆಗಿಂತ ಕಡಿಮೆ ಇದ್ದರೆ ಬಿಟ್ಟೆ. ತಿಂಗಳುಗಟ್ಟಲೆ ಓಡದ ಕುದುರೆಗಳೇ ತುಂಬಿದ್ದರೆ ಬಿಟ್ಟೆ. ಎಂಟು ರೇಸಿನ ಕಾರ್ಡಿನಲ್ಲಿ ಎರಡೋ ಮೂರೋ ಉಳಿಯುತ್ತವೆ. ಕೆಲವು ದಿನ ಒಂದೂ ಇಲ್ಲ. ಅಷ್ಟು ದೂರ ಹೋಗಿ ಒಂದೇ ರೇಸ್ ಆಡ್ತೀಯಾ ಅಂತ ಗೆಳೆಯರು ಕೇಳುತ್ತಾರೆ. ಹೌದು, ಒಂದೇ ಆಡುತ್ತೇನೆ.

ಉಳಿದ ರೇಸುಗಳ ಒಂದೊಂದು ಕುದುರೆಗೂ ಹಿಂದಿನ ಮೂರು ಓಟದ ವಿಡಿಯೋ ನೋಡುತ್ತೇನೆ. ಕೈಯಲ್ಲಿ ಸ್ಟಾಪ್‌ವಾಚ್. ಕೊನೆಯ 400 ಮೀಟರ್ ಕಂಬ ದಾಟಿದ ಕೂಡಲೇ ಒತ್ತುವುದು, ಗೆಲುವಿನ ಕಂಬದಲ್ಲಿ ನಿಲ್ಲಿಸುವುದು. ಗೆದ್ದ ಕುದುರೆಗೆ ಮಾತ್ರ ಅಲ್ಲ. ಐದನೆಯದು, ಏಳನೆಯದು ಬಂದದ್ದಕ್ಕೂ ಹೀಗೇ ಮಾಡಬೇಕು. ದುಡ್ಡು ಇರುವುದೇ ಅಲ್ಲಿ. ತಿರುವಿನಲ್ಲಿ ಹೊರಗೆ ತಳ್ಳಿಸಿಕೊಂಡು ನಾಲ್ಕು ಲೆಂತ್ (ಒಂದು ಕುದುರೆಯ ಉದ್ದದ ಅಳತೆ) ಕಳೆದುಕೊಂಡ ಕುದುರೆ ಕೊನೆಗೆ ಎಲ್ಲರಿಗಿಂತ ಜೋರಾಗಿ ಬಂದಿರುತ್ತದೆ. ಕಾರ್ಡಿನಲ್ಲಿ ಅದು ಬರೀ ಏಳು ಅಂತ ಕಾಣುತ್ತದೆ. ಒಂದು ಲೆಂತ್‌ಗೆ ಸೆಕೆಂಡಿನ ಐದನೇ ಒಂದು ಭಾಗ ಅಂತ ಹಿಡಿಯುತ್ತೇನೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುತ್ತವಲ್ಲ, ಅದಕ್ಕೆ ವಿಡಿಯೋಗಳನ್ನು ಮೊದಲೇ ಫೋನಿನಲ್ಲಿ ತುಂಬಿಟ್ಟಿರುತ್ತೇನೆ. ಈ ಅಂಕಿಗಳನ್ನು ಒಂದು ಮಾರ್ಕಿಗೆ ಇಳಿಸುವ ನನ್ನ ಲೆಕ್ಕವನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಮೂರು ಮಳೆಗಾಲ ಹೋಗಿದೆ.

ಆಮೇಲೆ ತೂಕ. ರೇಟಿಂಗ್ ಅಂದರೆ ಕುದುರೆಯ ಸಾಮರ್ಥ್ಯಕ್ಕೆ ಕೊಟ್ಟ ಅಂಕ. ಅದು ಜಾಸ್ತಿ ಇದ್ದಷ್ಟೂ ಕುದುರೆ ಹೊರುವ ತೂಕ ಜಾಸ್ತಿ, ಒಂದು ಪಾಯಿಂಟಿಗೆ ಅರ್ಧ ಕೆಜಿ. ನಾನು ನೋಡುವುದು ಎರಡು ರೇಟಿಂಗ್ ಗುಂಪಿನ ಅಂಚಿನಲ್ಲಿರುವ ಕುದುರೆ. ರೇಟಿಂಗ್ 42 ಇದ್ದರೆ 20-45ರಲ್ಲಿ ಮೇಲಿನ ತೂಕ ಹೊತ್ತು ಓಡಬಹುದು, 40-65ರಲ್ಲಿ ಕೆಳಗಿನ ತೂಕದಲ್ಲೂ ಓಡಬಹುದು. ಟ್ರೇನರ್ ಯಾವುದನ್ನು ಆರಿಸಿದ ಎನ್ನುವುದೇ ದೊಡ್ಡ ಸುದ್ದಿ. ಕೆಳಗಿನ ಗುಂಪಿನಲ್ಲಿ ಸುಲಭದ ರೇಸ್ ಇದ್ದೂ ಅದನ್ನು ಬಿಟ್ಟು ಹಗುರ ತೂಕದಲ್ಲಿ ಮೇಲೆ ಹೋದರೆ, ಅದೂ ಒಳ್ಳೆಯ ಜಾಕಿಯನ್ನು ಕೂರಿಸಿಕೊಂಡು, ನಾನು ಆ ಹೆಸರಿಗೆ ಕೆಂಪು ಗೆರೆ ಎಳೆಯುತ್ತೇನೆ. ಇದಕ್ಕೆ ಯಾವ ಲಾಯದ ಸುದ್ದಿಯೂ ಬೇಡ.

ಕೊನೆಗೆ ಪರ್ಸೆಂಟ್. ಪ್ರತಿ ಕುದುರೆಗೂ ಗೆಲ್ಲುವ ಅವಕಾಶ ನೂರಕ್ಕೆ ಎಷ್ಟು ಅಂತ ಬರೆಯುತ್ತೇನೆ. ಎಲ್ಲ ಸೇರಿ ನೂರೇ ಆಗಬೇಕು. ಇದನ್ನು ಬೆಲೆ ನೋಡುವ ಮೊದಲೇ, ಮನೆಯಲ್ಲೇ ಮುಗಿಸಬೇಕು. ಬುಕ್ಕಿಗಳಿರುವ ರಿಂಗಿನಲ್ಲಿ ನಿಂತು ಬರೆದರೆ ಅವರ ಬೋರ್ಡ್ ನಮ್ಮ ಪೆನ್ನನ್ನು ಎಳೆಯುತ್ತದೆ.

ತೆರಿಗೆ ಸೇರಿಸಿ ಲೆಕ್ಕ ಹಾಕದವನು ಇವತ್ತು ರೇಸಿಗೆ ಹೋಗಲೇಬಾರದು. 2023ರ ಅಕ್ಟೋಬರ್‌ನಿಂದ ಪೂರ್ತಿ ಪಂತದ ಮೇಲೆ 28 ಪರ್ಸೆಂಟ್ ಜಿಎಸ್‌ಟಿ, 2025ರ ಸೆಪ್ಟೆಂಬರ್‌ನಿಂದ 40. ನೂರರ ಪಂತಕ್ಕೆ ಕೈಯಿಂದ 140 ಹೋದರೆ ಏನಾಗುತ್ತದೆ ನೋಡಿ. ಸಮಕ್ಕೆ ಸಮ, ಅಂದರೆ ಒಂದರ ಬೆಲೆಯ ಫೇವರಿಟ್ (ಜನ ಹೆಚ್ಚು ನೆಚ್ಚಿದ ಕುದುರೆ) ಗೆದ್ದರೆ ವಾಪಸ್ ಬರುವುದು 200. ಅಂದರೆ ಅಂಥ ಕುದುರೆ ನೂರಕ್ಕೆ ಎಪ್ಪತ್ತು ಸಲ ಗೆದ್ದರೆ ಮಾತ್ರ ಅಸಲು ಉಳಿಯುತ್ತದೆ. ಎರಡರ ಬೆಲೆಗೆ ನಲವತ್ತೇಳು ಸಲ. ಎಂಟರ ಬೆಲೆಗೆ ಹದಿನಾರು ಸಲ ಗೆದ್ದರೆ ಸಾಕು. ಹಾಗಾಗಿ ಫೇವರಿಟ್ ಆಡುವ ಕಾಲ ಮುಗಿಯಿತು. ನನ್ನ ಗೆಲುವುಗಳಲ್ಲಿ ಹೆಚ್ಚಿನವು ಐದರಿಂದ ಹತ್ತರ ಬೆಲೆಯ ನಡುವಿನವು.

ಒಂದು ಉದಾಹರಣೆ ಹೇಳುತ್ತೇನೆ. ತೆರಿಗೆ 28 ಇದ್ದಾಗಿನದು. 20-45 ಗುಂಪು, 1400 ಮೀಟರ್, ಹತ್ತು ಕುದುರೆ. ಫೇವರಿಟ್ ಸಮಕ್ಕೆ ಸಮ. ನನ್ನ ಹಾಳೆಯಲ್ಲಿ ಅದಕ್ಕೆ 45 ಇತ್ತು. ಅಸಲು ಉಳಿಯಲು ಬೇಕಾದದ್ದು 64. ಅಲ್ಲಿಗೆ ಅದು ಹೊರಗೆ. ಹಿಂದಿನ ಎರಡು ಓಟದಲ್ಲೂ ದಾರಿ ಸಿಗದೆ ಹಿಂದೆ ಉಳಿದ ಒಂದು ಹೆಣ್ಣು ಕುದುರೆಗೆ ನಾನು 20 ಕೊಟ್ಟಿದ್ದೆ. ಬೋರ್ಡಿನಲ್ಲಿ ಎಂಟು. ಬೇಕಾದದ್ದು ಹದಿನೈದರ ಒಳಗೆ. ಜೊತೆಗಿದ್ದವರೆಲ್ಲ ಫೇವರಿಟ್ ಮೇಲೆ ಹಾಕಿದರು. ಆ ಹೆಣ್ಣು ಕುದುರೆ ಕೊನೆಯ ನೂರು ಮೀಟರಿನಲ್ಲಿ ಬಂದು ಕತ್ತಿನಳತೆಯಲ್ಲಿ ಗೆದ್ದಿತು. ಸೋತಿದ್ದರೂ ಆ ಪಂತ ಸರಿಯಾದದ್ದೇ ಎಂದು ನಾನು ಈಗಲೂ ವಾದಿಸುತ್ತೇನೆ.

ನಡುವೆ ಮಳೆಯ ಪ್ರಯೋಗವೂ ಒಂದು ಆಯಿತು. ತೋಟಿಗರ ಮನೆಯಲ್ಲಿ ದಿನದ ಮಳೆ ಬರೆದಿಡುವ ಅಭ್ಯಾಸ ಇದ್ದೇ ಇದೆ. ಅದೇ ಪುಸ್ತಕದ ಪಕ್ಕದ ಕಾಲಂನಲ್ಲಿ ಬೆಂಗಳೂರಿನ ಮಳೆ, ಮೈಸೂರಿನ ಮಳೆ, ರೇಸ್ ದಿನದ ಪೆನೆಟ್ರೋಮೀಟರ್ (ನೆಲ ಎಷ್ಟು ಮೆತ್ತಗಿದೆ ಎಂದು ಅಳೆಯುವ ಸಾಧನ) ಅಂಕಿ ಬರೆಯಲು ಶುರು ಮಾಡಿದೆ. ಮೆತ್ತಗಿನ ನೆಲದಲ್ಲಿ ಮುಂದೆ ಓಡುವ ಕುದುರೆ ಸೋಲುತ್ತದೆ ಎಂಬ ಮಾತಿಗೆ ನನ್ನ ಪುಸ್ತಕದಲ್ಲಿ ಆಧಾರ ಸಿಗಲಿಲ್ಲ. ಆದರೆ 1600 ಮೀಟರ್ ಮತ್ತು ಮೇಲಿನ ಓಟಗಳಲ್ಲಿ, ನೆಲ ಒದ್ದೆಯಾದ ದಿನ, 60 ಕೆಜಿ ದಾಟಿದ ಕುದುರೆಗಳು ಕೊನೆಗೆ ಸುಸ್ತಾದದ್ದು ಮೈಸೂರಿನಲ್ಲಿ ಸ್ಪಷ್ಟವಾಗಿ ಕಂಡಿತು. ಈಗ ಅಂಥ ದಿನ ಮೇಲಿನ ತೂಕಕ್ಕೆ ಎರಡು ಮೂರು ಪರ್ಸೆಂಟ್ ಕಡಿಮೆ ಮಾಡುತ್ತೇನೆ.

ಪ್ಯಾಡಕ್ ನೋಡುವುದನ್ನು ಕಲಿತದ್ದು ಹೋರಿಗಳಿಂದ. ದೀಪಾವಳಿ ಆದ ಮೇಲೆ ಸೊರಬ, ಹಾವೇರಿ ಕಡೆ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಅಲ್ಲಿಗೆ ಹೋಗಿ, ಹೋರಿಗಳನ್ನು ಓಡಲು ಬಿಡುವ ಮೊದಲು ಅವನ್ನು ನೋಡುತ್ತಾ ನಿಲ್ಲುತ್ತೇನೆ. ಕಿವಿ ಎತ್ತ ಇದೆ, ತೊಡೆಸಂದಿಯಲ್ಲಿ ಬೆವರು ಬಂದಿದೆಯೋ, ಹಿಂಗಾಲು ಮುಂಗಾಲಿನ ಹೆಜ್ಜೆ ದಾಟಿ ಬೀಳುತ್ತದೋ. ಓಟಕ್ಕೆ ಮೊದಲೇ ಬೆವರಿ ಕುಣಿದ ಪ್ರಾಣಿ ಅರ್ಧ ಶಕ್ತಿಯನ್ನು ಅಲ್ಲೇ ಮುಗಿಸಿರುತ್ತದೆ. ಕುದುರೆಯಲ್ಲೂ ಅದೇ. ರೇಸಿಗೆ ಹೋದ ದಿನ ಪ್ಯಾಡಕ್‌ನಲ್ಲಿ ನಾನು ಆರಿಸಿದ ಕುದುರೆ ಹಾಗೆ ಕಂಡರೆ ಪಂತ ಹಾಕದೆ ವಾಪಸ್ ಬರುತ್ತೇನೆ. ಹಾಳೆಗೆ ಹೊಸ ಕುದುರೆ ಸೇರಿಸುವ ಅಧಿಕಾರ ಮಾತ್ರ ಪ್ಯಾಡಕ್‌ಗೆ ಇಲ್ಲ.

ದುಡ್ಡಿನ ವಿಷಯ. ಸೀಸನ್‌ಗೆ ಅರವತ್ತು ಸಾವಿರ ಬೇರೆ ಎತ್ತಿಡುತ್ತೇನೆ. ಅದು ಹೋದರೆ ಆ ಸೀಸನ್ ಮುಗಿಯಿತು. ಅಡಿಕೆ ದುಡ್ಡು, ಕೊನೆಕೊಯ್ಲಿನ ಕೂಲಿ, ಔಷಧಿ ಹೊಡೆಸುವ ಖರ್ಚು, ಇವನ್ನು ಮುಟ್ಟುವುದಿಲ್ಲ. ಸಾಲ ಮಾಡಿ ಆಡಿದವರ ತೋಟ ಹೋದದ್ದನ್ನು ನಾನು ನೋಡಿದ್ದೇನೆ. ಒಂದು ಪಂತಕ್ಕೆ ನೂರಕ್ಕೆ ಎರಡು ಭಾಗ, ಅಂದರೆ ಸಾವಿರದ ಇನ್ನೂರರ ಹತ್ತಿರ. ಎಂಟರ ಬೆಲೆಗೆ ಗೆದ್ದರೂ ಲಾಭ ಮೂಲದಲ್ಲೇ ತೆರಿಗೆ ಕಡಿಯುವ ಆ ಹತ್ತು ಸಾವಿರದ ಗೆರೆಯ ಒಳಗೇ ಇರುತ್ತದೆ. ವರ್ಷದ ಕೊನೆಗೆ ಗೆದ್ದದ್ದನ್ನೆಲ್ಲ ತೆರಿಗೆ ಲೆಕ್ಕದಲ್ಲಿ ತೋರಿಸಬೇಕು, ಸೋತದ್ದನ್ನು ಅದರಲ್ಲಿ ಕಳೆಯಲು ಬಿಡುವುದಿಲ್ಲ. ಇದನ್ನೂ ಬೆಲೆಯಲ್ಲೇ ಸೇರಿಸಿ ನೋಡಿ. ಒಳ್ಳೆಯ ಸೀಸನ್‌ನಲ್ಲಿ ಎಲ್ಲ ಕಳೆದು ನನಗೆ ಉಳಿದದ್ದು ಇಪ್ಪತ್ತು ಸಾವಿರದ ಆಸುಪಾಸು. ಇನ್ನೊಂದರಲ್ಲಿ ಆರೋ ಏಳೋ ಸಾವಿರ. ಸತತ ಹತ್ತು ಹನ್ನೆರಡು ಪಂತ ಸೋತ ಕಾಲವೂ ಇತ್ತು. ಈ ಪದ್ಧತಿಯಲ್ಲಿ ಅದು ಸಹಜ, ಅದಕ್ಕೇ ಎರಡು ಭಾಗ.

ಮನೆಯಲ್ಲಿ ಇದಕ್ಕೆ ಜೂಜು ಅಂತಲೇ ಹೆಸರು. ಕುದುರೆ ರೇಸ್ ಜಾಣತನದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ಎಂದರೆ, ಹಾಗಾದರೆ ಜಾಣತನ ತೋರಿಸು ಎನ್ನುತ್ತಾರೆ. ಪುಸ್ತಕ ತೆಗೆದು ಮುಂದಿಡುತ್ತೇನೆ.

ಮೈಸೂರು ಸೀಸನ್ ಮುಗಿದು ನವೆಂಬರ್‌ನಲ್ಲಿ ಬೆಂಗಳೂರು ಶುರುವಾಗುತ್ತದಲ್ಲ, ಆ ಮೊದಲ ಕೆಲವು ವಾರ ಮೈಸೂರಿನಲ್ಲಿ ಚೆನ್ನಾಗಿ ಓಡಿ ಬಂದ ಕುದುರೆಗಳು ಬಿಡುವಿನಿಂದ ಬಂದವುಗಳಿಗಿಂತ ಗಟ್ಟಿ ಇರುತ್ತವೆ. ನನ್ನ ಚಳಿಗಾಲದ ಲಾಭದಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದದ್ದು ಆ ವಾರಗಳಲ್ಲಿ. ಎಷ್ಟು ವಾರ, ಯಾವ ದೂರದ ಓಟ ಎನ್ನುವುದನ್ನು ನೀವೇ ವಿಡಿಯೋ ನೋಡಿ ಹುಡುಕಿಕೊಳ್ಳಿ. ಡಿಸೆಂಬರ್ ಹೊತ್ತಿಗೆ ನಮ್ಮಲ್ಲಿ ಕೊಯ್ಲು ಜೋರಾಗುತ್ತದೆ. ಅಲ್ಲಿಂದ ಮುಂದೆ ನಾನು ಕಾರ್ಡ್ ನೋಡುವುದು ಭಾನುವಾರ ಮಾತ್ರ.